ಐದೂಕಾಲಿನ ಅಲಾರಾಂ, ಅಮ್ಮ ಹೊಲಿದ ಜೇಬು

ನವೆಂಬರ್ ಬಂತು ಅಂದ್ರೆ ನಮ್ಮಂಥೋರ ದಿನ ಒಂದು ಗಂಟೆ ಉದ್ದ ಆಗುತ್ತೆ. ಅಮೆರಿಕದೋರು ನವೆಂಬರ್ ಮೊದಲ ಭಾನುವಾರ ತಮ್ಮ ಗಡಿಯಾರ ಒಂದು ಗಂಟೆ ಹಿಂದಕ್ಕಿಟ್ಕೋತಾರೆ, ನ್ಯೂಯಾರ್ಕ್ ಕಡೆಯೋರ ಬೆಳಗ್ಗೆ 11ರ ಮೀಟಿಂಗು ಅಲ್ಲೀವರೆಗೂ ನಮಗೆ ರಾತ್ರಿ 8:30ಕ್ಕೆ ಇದ್ದದ್ದು ಆಮೇಲೆ 9:30ಕ್ಕೆ ಹೋಗುತ್ತೆ, ಮಾರ್ಚ್ ಎರಡನೇ ಭಾನುವಾರ ಬರೋವರೆಗೂ ಹಂಗೇ. ಔಟರ್ ರಿಂಗ್ ರೋಡ್ ಕಡೆ ಐಟಿ ಕಂಪನಿಗಳಲ್ಲಿ ಕೆಲಸ ಮಾಡೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಕಾಲ್ ಮುಗಿಸಿ, ಒಂದೆರಡು ಮೇಲ್ ಕಳ್ಸಿ, ತಣ್ಣಗಾಗಿರೋ ಅನ್ನ ಬಿಸಿ ಮಾಡ್ಕೊಂಡು ತಿಂದು ಮಲಗೋ ಹೊತ್ತಿಗೆ ಹನ್ನೊಂದೂವರೆ. ಅಲಾರಾಂ ಇರೋದು ಐದೂಕಾಲಿಗೆ.

ಇನ್ನು ಓಡೋಕೆ ಬೆಂಗಳೂರು ಅತ್ಯಂತ ಚೆನ್ನಾಗಿರೋದೂ ಇದೇ ತಿಂಗಳುಗಳಲ್ಲೇ. ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರೋ ಊರು, ಡಿಸೆಂಬರ್ ಜನವರಿಯಲ್ಲಿ ಬೆಳಗಿನ ಜಾವ 15-16 ಡಿಗ್ರಿ ಇರುತ್ತೆ, ಲಾಲ್‌ಬಾಗ್ ಕೆರೆ ಮೇಲೆ ತೆಳ್ಳಗೆ ಮಂಜು ಇರುತ್ತೆ, ಅಂಥ ದಿನ ಓಡದೆ ಬಿಟ್ರೆ ಇಡೀ ದಿನ ಏನೋ ಕಳ್ಕೊಂಡ ಹಾಗೇ ಇರುತ್ತೆ ನನಗೆ.

ಆಫೀಸಲ್ಲಿ ಹೊಸದಾಗಿ ಸೇರಿರೋ ಹುಡುಗಿ ಒಬ್ಬಳು ಮೊನ್ನೆ ಕೇಳಿದ್ಲು, ಅಕ್ಕ ನೀವು ಓಡ್ತೀರ, ಸೀರೆ ಉಟ್ಕೊಂಡು ಚಂದ ಬರ್ತೀರ, ಫ್ರೆಂಡ್ಸ್ ಜೊತೆನೂ ಇರ್ತೀರ, ಎಲ್ಲಾ ಹೆಂಗೆ ಆಗುತ್ತೆ ಅಂತ. ಕ್ಯಾಬ್ ಬಂದ್ಬಿಡ್ತು, ಸರಿಯಾಗಿ ಉತ್ತರ ಕೊಡೋಕೆ ಆಗ್ಲಿಲ್ಲ. ಆ ಉತ್ತರನೇ ಇಲ್ಲಿ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ನಾನು ಓಡೋಕೆ ಶುರು ಮಾಡಿದ್ದು 2021ರಲ್ಲಿ. ವರ್ಕ್ ಫ್ರಮ್ ಹೋಮ್ ಅಂತ ಹಾಸಿಗೆಯಿಂದ ಎದ್ದು ಮೂರು ಹೆಜ್ಜೆ ಇಟ್ರೆ ಆಫೀಸು, ರಾತ್ರಿ ಆಫೀಸಿಂದ ಮೂರು ಹೆಜ್ಜೆ ಇಟ್ರೆ ಹಾಸಿಗೆ, ಬೆನ್ನು ಹಿಡ್ಕೊಂಡು ಬಗ್ಗೋಕೆ ಆಗ್ತಿರ್ಲಿಲ್ಲ, ಮನಸ್ಸಂತೂ ಇನ್ನೂ ಬಿಗಿಯಾಗಿತ್ತು. ನಾನಿರೋದು ವಿಲ್ಸನ್ ಗಾರ್ಡನ್, ಲಾಲ್‌ಬಾಗಿನ ಡಬಲ್ ರೋಡ್ ಗೇಟು ಹತ್ರ. ಒಂದಿನ ಸುಮ್ನೆ ನಡ್ಕೊಂಡು ಹೋದೆ. ಮಾರನೇ ದಿನ ಗ್ಲಾಸ್ ಹೌಸಿಂದ ಕೆಂಪೇಗೌಡರ ಗೋಪುರ ಇರೋ ಬಂಡೆವರೆಗೂ ಓಡಿ ನೋಡೋಣ ಅಂತ ಹೊರಟೆ, ಅರ್ಧಕ್ಕೇ ನಿಂತು ಮರ ಹಿಡ್ಕೊಂಡೆ. ಆ ಬಂಡೆ ಇದೆಯಲ್ಲ, ಅದರ ವಯಸ್ಸು ಸುಮಾರು 300 ಕೋಟಿ ವರ್ಷ ಅಂತ ಭೂವಿಜ್ಞಾನದೋರು ಹೇಳ್ತಾರೆ, ಅಲ್ಲೇ ಬೋರ್ಡೂ ಇದೆ. ಎರಡು ತಿಂಗಳು ಬಿಟ್ಟು ಒಂದು ಬೆಳಗ್ಗೆ ನಿಲ್ಲದೇ ಓಡಿ ಅದರ ಮೇಲೆ ಹತ್ತಿ ಕೂತಾಗ, ಕಲ್ಲು ಇನ್ನೂ ರಾತ್ರಿ ತಂಪು ಹಿಡ್ಕೊಂಡಿತ್ತು, ಅಂಗೈ ಊರಿ ಕೂತ್ಕೊಂಡು ಅತ್ತುಬಿಟ್ಟೆ. ಯಾಕೆ ಅಂತ ಆಗ ಗೊತ್ತಾಗ್ಲಿಲ್ಲ. ಎಷ್ಟೋ ತಿಂಗಳಾದ್ಮೇಲೆ ಯಾರಿಗೂ ರಿಪೋರ್ಟ್ ಮಾಡಬೇಕಿಲ್ಲದ ಒಂದು ಕೆಲಸ ಮಾಡಿದ್ದೆ ಅಂತ ಈಗ ಅನ್ಸುತ್ತೆ.

ಇನ್ನು ಬಟ್ಟೆ ವಿಷಯ. ಇದರ ಬಗ್ಗೆ ಎಷ್ಟು ಬೇಕಾದ್ರೂ ಮಾತಾಡ್ತೀನಿ, ಯಾಕಂದ್ರೆ ನಾನು ಬೆಳೆದಿದ್ದೇ ಹೊಲಿಗೆ ಮಷೀನ್ ಪಕ್ಕ. ದಾವಣಗೆರೆಯಲ್ಲಿ ನಮ್ಮಮ್ಮ ಮನೆ ಮುಂದಿನ ರೂಮಲ್ಲೇ ಬ್ಲೌಸು, ಲಂಗ, ಸ್ಕೂಲ್ ಯೂನಿಫಾರ್ಮ್ ಹೊಲೀತಿದ್ಲು, ಈಗ್ಲೂ ಹೊಲೀತಾಳೆ. ನಾನು ಕಟ್ ಪೀಸ್ ಗುಡ್ಡೆ ಮೇಲೆ ಮಲಗಿ ಮಗ್ಗಿ ಕಲ್ತೋಳು. ಬಟ್ಟೆ ಮುಟ್ಟಿದ್ರೆ ಅದು ಒಗೆದ ಮೇಲೆ ಕುಗ್ಗುತ್ತಾ ಬಣ್ಣ ಬಿಡುತ್ತಾ ಅಂತ ಅಂದಾಜು ಸಿಗೋದು ಅಮ್ಮನಿಂದ ಬಂದಿದ್ದು. ಹಂಗಾಗಿ ಫ್ಯಾಷನ್ ಅಂದ್ರೆ ಶೋಕಿ, ದುಡ್ಡು ದಂಡ ಅಂತ ಯಾರಾದ್ರೂ ಅಂದ್ರೆ ನನಗೆ ನಿಜವಾಗ್ಲೂ ಬೇಜಾರಾಗುತ್ತೆ, ಒಂದು ತೋಳು ಸರಿಯಾಗಿ ಕೂರಬೇಕು ಅಂತ ಮೂರು ಸಲ ಬಿಚ್ಚಿ ಹೊಲಿಯೋ ಕೈನ ನೋಡಿಕೊಂಡು ಬೆಳೆದಿದೀನಿ ನಾನು.

ಓಡೋಕೆ ಶುರು ಮಾಡಿದಾಗ ಮೊದಮೊದಲು ಹಳೇ ಕಾಟನ್ ಟಿ-ಶರ್ಟ್ ಹಾಕ್ಕೊಂಡು ಹೋಗ್ತಿದ್ದೆ. ನಾಲ್ಕು ಕಿಲೋಮೀಟರ್ ಆಗೋಷ್ಟರಲ್ಲಿ ನೆಂದು ಭಾರ ಆಗಿ ಮೈಗೆ ಅಂಟಿ ತೋಳ ಕೆಳಗೆಲ್ಲ ಉಜ್ಜಿ ಗಾಯ. ಅಮ್ಮನಿಗೆ ಫೋನ್ ಮಾಡಿ ಹೇಳಿದ್ರೆ, ಹತ್ತಿ ನೀರು ಕುಡಿಯುತ್ತಲ್ಲ ಮಗಳೇ, ಅದಕ್ಕೇ ತಾನೇ ಟವೆಲ್ ಹತ್ತೀದು ಇರೋದು ಅಂದ್ಲು. ಆಮೇಲೆ ಓದಿ ನೋಡಿದೆ, ಸಾಮಾನ್ಯ ಹವೆಯಲ್ಲೇ ಹತ್ತಿ ತನ್ನ ಒಣ ತೂಕದ ಸುಮಾರು 8.5 ಪರ್ಸೆಂಟ್ ತೇವ ಹಿಡ್ಕೊಂಡಿರುತ್ತಂತೆ, ಪಾಲಿಯೆಸ್ಟರ್ ಬರೀ 0.4. ಅದಕ್ಕೇ ಓಡೋ ಬಟ್ಟೆ ಪಾಲಿಯೆಸ್ಟರ್ ಆಗಿರೋದು. ಆದ್ರೆ ಆಫೀಸಿಗೆ, ಹನ್ನೆರಡು ಗಂಟೆ ಎಸಿಯಲ್ಲಿ ಕೂರೋ ದಿನಕ್ಕೆ, ನನಗೆ ಹತ್ತಿನೇ ಬೇಕು. ಎರಡೂ ಒಳ್ಳೇ ಬಟ್ಟೆನೇ, ಜಾಗ ಬೇರೆ ಬೇರೆ.

ಓಡೋ ಬಟ್ಟೆ ಬಗ್ಗೆ ಓದ್ತಾ ಹೋದಾಗ ಒಂದು ಕಥೆ ಸಿಕ್ತು, ಅದನ್ನ ಅಮ್ಮನಿಗೆ ಹೇಳಲೇಬೇಕು ಅನ್ನಿಸ್ತು. ಸ್ಪೋರ್ಟ್ಸ್ ಬ್ರಾ ಅನ್ನೋದು ಹುಟ್ಟಿದ್ದೇ 1977ರಲ್ಲಂತೆ. ಅಮೆರಿಕದ ವರ್ಮಾಂಟ್‌ನಲ್ಲಿ ಲೀಸಾ ಲಿಂಡಾಲ್ ಅನ್ನೋರಿಗೆ ಓಡೋವಾಗ ತುಂಬಾ ಕಷ್ಟ ಆಗ್ತಿತ್ತು, ಗೆಳತಿ ಪಾಲಿ ಸ್ಮಿತ್ ನಾಟಕದೋರಿಗೆ ಉಡುಪು ಹೊಲಿಯೋ ಕೆಲಸದೋರು, ಜೊತೆಗೆ ಹಿಂಡಾ ಮಿಲ್ಲರ್, ಮೂರು ಜನ ಸೇರಿ ಗಂಡಸರು ಆಟಕ್ಕೆ ಹಾಕ್ಕೊಳ್ಳೋ ಸಪೋರ್ಟರ್ ಎರಡನ್ನ ಕತ್ತರಿಸಿ ಜೋಡಿಸಿ ಹೊಲಿದು ಮೊದಲನೇದನ್ನ ಮಾಡಿದ್ರು. ಜಾಗ್‌ಬ್ರಾ ಅಂತ ಹೆಸರಿಟ್ರು. ಅಲ್ಲಿವರೆಗೂ ಹೆಂಗಸರು ಹೆಂಗೆ ಓಡಿದ್ರೋ ಪಾಪ. ಬಾಸ್ಟನ್ ಮ್ಯಾರಥಾನಲ್ಲಿ ಹೆಂಗಸರಿಗೆ ಅಧಿಕೃತವಾಗಿ ಜಾಗ ಸಿಕ್ಕಿದ್ದು 1972ರಲ್ಲಿ, ಒಲಿಂಪಿಕ್ಸಲ್ಲಿ ಹೆಂಗಸರ ಮ್ಯಾರಥಾನ್ ಮೊದಲು ನಡೆದಿದ್ದು 1984ರಲ್ಲಿ, ಇಷ್ಟು ಇತ್ತೀಚಿನದು ಅಂತ ನನಗೆ ಗೊತ್ತೇ ಇರ್ಲಿಲ್ಲ.

1977ರಲ್ಲಿ ಅಮ್ಮನಿಗೆ ಹದಿನಾಲ್ಕು, ಆಗಷ್ಟೇ ಮಷೀನ್ ತುಳಿಯೋದು ಕಲ್ತಿದ್ಲಂತೆ. ಕಥೆ ಎಲ್ಲಾ ಕೇಳಿ ಸ್ವಲ್ಪ ಹೊತ್ತು ಸುಮ್ನಿದ್ಲು. ಆಮೇಲೆ, "ಹೊಲಿಗೆ ಬರೋ ಗೆಳತಿ ಇದ್ಲಲ್ಲ, ಅದಕ್ಕೇ ಆಯ್ತು" ಅಂದ್ಲು.

ಜೇಬಿನ ಕಥೆ ಅಲ್ಲಿಂದಲೇ ಶುರು ಆಗಿದ್ದು. ಹೆಂಗಸರ ಓಡೋ ಪ್ಯಾಂಟಲ್ಲಿ ಜೇಬು ಇರಲ್ಲ, ಇದ್ರೂ ಒಂದು ಬೀಗದಕೈ ಹಿಡಿಯೋಷ್ಟು. ಬೆಳಗ್ಗೆ ಕತ್ತಲಲ್ಲಿ ಒಬ್ಬಳೇ ಹೋಗೋಳಿಗೆ ಫೋನ್ ಬೇಕೇ ಬೇಕು, ಕೈಯಲ್ಲಿ ಹಿಡ್ಕೊಂಡು ಓಡಿದ್ರೆ ಒಂದು ಭುಜ ಮೇಲಾಗಿ ಕುತ್ತಿಗೆ ನೋವು. ಅಮ್ಮ ನನ್ನ ಫೋನಿನ ಅಳತೆ ಕೇಳಿದ್ಲು. ದೀಪಾವಳಿಗೆ ಊರಿಗೆ ಹೋದಾಗ ನನ್ನ ಮೂರೂ ಟೈಟ್ಸ್ ತಗೊಂಡು, ಎಳೆದ್ರೆ ಹಿಗ್ಗೋ ಬಟ್ಟೆಗೆ ಮಾಮೂಲಿ ಹೊಲಿಗೆ ಹಾಕಿದ್ರೆ ದಾರ ಕಿತ್ತು ಬರುತ್ತೆ ಅಂತ ಜಿಗ್‌ಜಾಗ್ ಹೊಲಿಗೆ ಹಾಕಿ, ತೊಡೆ ಪಕ್ಕದಲ್ಲಿ ಒಂದೊಂದು ಜೇಬು ಕೂರಿಸಿಕೊಟ್ಲು. ಬಾಯಿಗೆ ಸಣ್ಣ ಎಲಾಸ್ಟಿಕ್. ನಾಲ್ಕು ವರ್ಷ ಆಯ್ತು, ಫೋನ್ ಒಂದು ಸಲನೂ ಬಿದ್ದಿಲ್ಲ. ಲಾಲ್‌ಬಾಗಲ್ಲಿ ನನ್ನ ಜೊತೆ ಓಡೋ ಇಬ್ಬರು ಆಂಟಿಯರು ನೋಡಿ ತಮ್ಮದೂ ಕೊಟ್ಟು ಕಳ್ಸಿದ್ದಾರೆ.

ಅಮ್ಮ ಓಟದ ಸುದ್ದಿ ಬಂದ್ರೆ ಯಾವಾಗ್ಲೂ ಅಶ್ವಿನಿ ನಾಚಪ್ಪ ಅವರ ಹೆಸರು ತೆಗೀತಾಳೆ. ಕೊಡಗಿನ ಹುಡುಗಿ, ಪಿ.ಟಿ. ಉಷಾನೇ ಹಿಂದೆ ಹಾಕಿದೋರು, ಟ್ರ್ಯಾಕ್ ಮೇಲೂ ಎಷ್ಟು ಸ್ಟೈಲಾಗಿ ಇರ್ತಿದ್ರು ಅಂತ. ಅವರನ್ನ ಭಾರತದ ಫ್ಲೋ-ಜೋ ಅಂತಿದ್ರು. ಆ ಫ್ಲೋ-ಜೋ, ಅಂದ್ರೆ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್, 1988ರಲ್ಲಿ 100 ಮೀಟರ್ ಓಡಿದ್ದು 10.49 ಸೆಕೆಂಡಲ್ಲಿ, ಆ ದಾಖಲೆ ಇನ್ನೂ ಹಂಗೇ ಇದೆ, ಉದ್ದ ಬಣ್ಣದ ಉಗುರು, ಒಂದೇ ಕಾಲಿನ ರನ್ನಿಂಗ್ ಸೂಟು ಎಲ್ಲಾ ತಾವೇ ಯೋಚನೆ ಮಾಡಿ ಹಾಕ್ತಿದ್ರು. ಚಂದ ಕಾಣೋಕೆ ಆಸೆ ಇರೋಳು ಸೀರಿಯಸ್ಸಾಗಿ ಓಡಲ್ಲ ಅಂತ ಹೇಳೋರಿಗೆ ನಾನು ಇವರಿಬ್ಬರ ಫೋಟೋ ತೋರಿಸ್ತೀನಿ.

ಈಗ ಫ್ರೆಂಡ್ಸ್ ವಿಷಯಕ್ಕೆ ಬರ್ತೀನಿ. ಇಲ್ಲಿ ನಾನೊಂದು ತಪ್ಪು ಮಾಡಿದೀನಿ, ಅದನ್ನ ಹೇಳ್ದೆ ಮುಂದಕ್ಕೆ ಹೋದ್ರೆ ಬರೆದಿದ್ದೆಲ್ಲ ಸುಳ್ಳಾಗುತ್ತೆ.

2012ರಲ್ಲಿ ಕೆಲಸಕ್ಕೆ ಸೇರಿದಾಗ ಪೀಜಿಯಲ್ಲಿ ಒಂದೇ ರೂಮಲ್ಲಿದ್ದ ಮೂರು ಜನ ನಾವು. ಒಬ್ಬಳು ಮಂಡ್ಯದವಳು, ಒಬ್ಬಳು ಧಾರವಾಡದವಳು, ನಾನು. ಒಂದೇ ಐರನ್ ಬಾಕ್ಸ್, ಒಂದೇ ಒಳ್ಳೇ ಚಪ್ಪಲಿ, ಇಂಟರ್‌ವ್ಯೂ ಇದ್ದೋಳಿಗೆ ಅದು. ತಿಂಗಳ ಕೊನೇಲಿ ಮೂವರಿಗೂ ಸೇರಿ ಎರಡು ಪ್ಲೇಟ್ ಚಿತ್ರಾನ್ನ.

2023ರಲ್ಲಿ ಮೊದಲನೇ ಸಲ ವರ್ಲ್ಡ್ 10ಕೆ ಗೆ ಹೆಸರು ಕೊಟ್ಟಿದ್ದೆ, 2008ರಿಂದ ಬೆಂಗಳೂರಲ್ಲಿ ನಡೀತಿರೋ ಹತ್ತು ಕಿಲೋಮೀಟರ್ ಓಟ ಅದು, ಆ ವರ್ಷ ಮೇ 21ಕ್ಕಿತ್ತು. ಫೋನಲ್ಲಿ ಒಂದು ಟ್ರೇನಿಂಗ್ ಪ್ಲಾನ್ ಹಾಕ್ಕೊಂಡಿದ್ದೆ, ವಾರಕ್ಕೆ ಐದು ದಿನ, ಹಸಿರು ಟಿಕ್ ಬೀಳ್ತಾ ಇದ್ರೆ ಏನೋ ಸಮಾಧಾನ. ಮಾರ್ಚ್‌ನಲ್ಲಿ ಒಂದು ಭಾನುವಾರ ಮಂಡ್ಯದವಳ ಸೀಮಂತ, ಅವಳ ಅಮ್ಮನ ಮನೇಲಿ. ಶನಿವಾರ ರಾತ್ರಿ ಆಫೀಸಲ್ಲಿ ನಮ್ಮ ಸಾಫ್ಟ್‌ವೇರ್ ರಿಲೀಸು, ಮುಗಿದಾಗ ಮೂರು ಗಂಟೆ. ಮಲಗಿ ಏಳು ಗಂಟೆಗೆ ಎದ್ದಿದ್ರೂ ಸಾಕಿತ್ತು, ರೈಲಲ್ಲಿ ಆರಾಮಾಗಿ ಹೋಗಿ ಸೇರ್ತಿದ್ದೆ. ಆದ್ರೆ ನಾನು ಐದೂಕಾಲಿಗೆ ಎದ್ದೆ, ಯಾಕಂದ್ರೆ ಪ್ಲಾನಲ್ಲಿ ಅವತ್ತು 12 ಕಿಲೋಮೀಟರ್ ಇತ್ತು. ಓಡಿದೆ. ಮನೆಗೆ ಬಂದು ಹತ್ತು ನಿಮಿಷ ಕಾಲು ಚಾಚೋಣ ಅಂತ ಮಲಗಿದೋಳು ಎದ್ದಾಗ ಮಧ್ಯಾಹ್ನ ಎರಡೂವರೆ.

ಫೋನಲ್ಲಿ ಅವಳದ್ದು ಒಂದು ಫೋಟೋ ಬಂದಿತ್ತು. ಸಾಲಾಗಿ ಹಾಕಿರೋ ಬಾಳೆ ಎಲೆ, ಅದರಲ್ಲಿ ಒಂದು ಎಲೆ ಮುಂದೆ ಯಾರೂ ಕೂತಿಲ್ಲ, ಕೋಸಂಬರಿ ಪಲ್ಯ ಹೋಳಿಗೆ ಎಲ್ಲಾ ಬಡಿಸಿದೆ. ಕೆಳಗೆ ಬರೆದಿದ್ಲು, "ನಿನ್ ಎಲೆ ಹಾಕಿಸಿ ಕಾಯ್ಕೊಂಡಿದ್ದೊ ಕಣೆ."

ಅಷ್ಟೇ. ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಆಫೀಸಿನ ಮೇಲೆ ಹಾಕಿ ತಪ್ಪಿಸಿಕೊಳ್ಳೋಕೆ ನೋಡಿದೆ, ರಿಲೀಸ್ ಇತ್ತು ಕಣೆ ಅಂತ ಟೈಪ್ ಮಾಡಿ ಅಳಿಸಿದೆ, ಯಾಕಂದ್ರೆ ಅವತ್ತು ಬೆಳಗ್ಗೆ ನನ್ನನ್ನ ಯಾವ ಮ್ಯಾನೇಜರೂ ಎಬ್ಬಿಸಿರ್ಲಿಲ್ಲ. ಓಟ ಅನ್ನೋದು ಕೆಲಸದಿಂದ ನನ್ನನ್ನ ಬಿಡಿಸಿದ್ದು, ಅದನ್ನೇ ತಗೊಂಡೋಗಿ ಇನ್ನೊಂದು ಕೆಲಸ ಮಾಡ್ಕೊಂಡಿದ್ದೆ ನಾನು. ಟಾರ್ಗೆಟ್, ಟಿಕ್, ವಾರದ ರಿಪೋರ್ಟು, ಎಲ್ಲಾ ಅದೇ. ಧಾರವಾಡದವಳು ರಾತ್ರಿ ಫೋನ್ ಮಾಡಿ, "ನೀ ಹಿಂಗ ಮಾಡಬಾರದಿತ್ತ ನೋಡಲೇ, ಆಕಿ ಗೇಟಿನ ಕಡೆ ನೋಡಕೋತನ ಕುಂತಿದ್ಲು" ಅಂದ್ಲು.

ಮುಂದಿನ ಶನಿವಾರ ಮಂಡ್ಯಕ್ಕೆ ಹೋದೆ. ಏನು ಹೇಳ್ಬೇಕು ಅಂತ ದಾರಿ ಪೂರ್ತಿ ಯೋಚನೆ ಮಾಡಿದ್ದೆಲ್ಲ ಬಾಗಿಲಲ್ಲಿ ಅವಳನ್ನ ನೋಡಿದ ತಕ್ಷಣ ಮರೆತೋಯ್ತು. ಅವಳು ನನ್ನ ಕಾಲು ನೋಡಿದ್ಲು. ಮೊಣಕಾಲಿನ ಕೆಳಗೆ ಮೂಳೆ ಮೇಲೆ ನೋವಾಗಿ ಪಟ್ಟಿ ಸುತ್ತಿದ್ದೆ, ಓಡ್ತಾ ಓಡ್ತಾ ದೂರ ಒಂದೇ ಸಲ ಜಾಸ್ತಿ ಮಾಡಿದ್ದಕ್ಕೆ ಬಂದಿದ್ದು ಅದು. ಕೂರಿಸಿ ಹರಳೆಣ್ಣೆ ಹಚ್ಚಿದ್ಲು, ಏಳು ತಿಂಗಳ ಬಸುರಿ, ನೆಲದ ಮೇಲೆ ಕೂತ್ಕೊಂಡು. ನಾನು ಬೇಡ ಬೇಡ ಅಂತಿದ್ರೂ ಕೇಳಲಿಲ್ಲ.

ಅವತ್ತಿಂದ ಪ್ಲಾನ್ ತೆಗೆದುಬಿಟ್ಟೆ. ಈಗ ವಾರಕ್ಕೆ ಮೂರೇ ದಿನ, ಮಂಗಳವಾರ ಗುರುವಾರ ಲಾಲ್‌ಬಾಗಲ್ಲಿ ಐದೈದು ಕಿಲೋಮೀಟರ್, ಭಾನುವಾರ ಕಬ್ಬನ್ ಪಾರ್ಕಲ್ಲಿ ಸ್ವಲ್ಪ ಉದ್ದ. ಹಾಫ್ ಮ್ಯಾರಥಾನ್ ಓಡಬೇಕು ಅನ್ನೋ ಆಸೆ ಸದ್ಯಕ್ಕೆ ಪಕ್ಕಕ್ಕಿಟ್ಟಿದೀನಿ, 21 ಕಿಲೋಮೀಟರಿಗೆ ಬೇಕಾದ ಬೆಳಗುಗಳು ಈಗ ನನ್ನ ಹತ್ರ ಇಲ್ಲ. ಅದು ನೋವಾಗುತ್ತೆ, ಆಗಲ್ಲ ಅಂತ ಹೇಳಲ್ಲ. ಮ್ಯಾನೇಜರ್ ಹತ್ರ ಹೋಗಿ ಸೋಮವಾರ ಬುಧವಾರದ ತಡರಾತ್ರಿ ಕಾಲ್ ನನಗೆ ಬೇಡ, ಬೇರೆ ದಿನ ತಗೋತೀನಿ ಅಂತ ಕೇಳಿದೆ. ಎರಡು ವರ್ಷದಿಂದ ಕೇಳೋಕೆ ಹೆದರಿದ್ದೆ, ಎರಡು ನಿಮಿಷದಲ್ಲಿ ಆಯ್ತು ಅಂದ್ರು. ಎಲ್ಲರ ಆಫೀಸಲ್ಲೂ ಹಂಗೆ ಆಗಲ್ಲ, ಗೊತ್ತು, ಆದ್ರೂ ಒಂದು ಸಲ ಕೇಳಿ ನೋಡಿ.

ಭಾನುವಾರ ಮಾತ್ರ ಏನೇ ಆದ್ರೂ ತಪ್ಪಿಸಲ್ಲ, ಅದು ಮೂವರದ್ದು. ಭಾನುವಾರ ಕಬ್ಬನ್ ಪಾರ್ಕ್ ಒಳಗೆ ಗಾಡಿ ಬಿಡಲ್ಲ, ರಸ್ತೆ ಪೂರ್ತಿ ನಡೆಯೋರಿಗೆ ಸೈಕಲ್ಲಿನೋರಿಗೆ ನಾಯಿಗಳಿಗೆ. ಧಾರವಾಡದವಳೂ ಈಗ ಓಡ್ತಾಳೆ. ಓಡೋವಾಗ ಮಾತಾಡೋಕೆ ಆಗೋಷ್ಟು ನಿಧಾನಕ್ಕೆ ಓಡಬೇಕು, ಮಾತು ಕಟ್ಟಿದ್ರೆ ಸ್ಪೀಡು ಜಾಸ್ತಿ ಆಯ್ತು ಅಂತ ಅನುಭವ ಇರೋರು ಹೇಳ್ತಾರೆ, ಅವಳ ಜೊತೆ ಓಡಿದ್ರೆ ಆ ತೊಂದರೆನೇ ಇಲ್ಲ, ಕಾಲೇಜಿನ ಸುದ್ದಿ ಶುರು ಮಾಡಿದ್ರೆ ಹೈಕೋರ್ಟಿನ ಕೆಂಪು ಗೋಡೆಯಿಂದ ಲೈಬ್ರರಿವರೆಗೂ ನಿಲ್ಲಲ್ಲ. ಮಂಡ್ಯದವಳು ಈಗ ಕೆಂಗೇರಿಲಿರೋದು, ಭಾನುವಾರ ಮೆಟ್ರೋ ಶುರುವಾಗೋದೇ ಏಳಕ್ಕೆ, ಮೊದಲನೇ ರೈಲು ಹಿಡಿದು ಮಗು ಎತ್ಕೊಂಡು, ಫ್ಲಾಸ್ಕಲ್ಲಿ ಕಾಫಿ ತಗೊಂಡು ಪರ್ಪಲ್ ಲೈನಲ್ಲಿ ನೇರ ಕಬ್ಬನ್ ಪಾರ್ಕ್ ಸ್ಟೇಷನ್ನಿಗೆ ಬರ್ತಾಳೆ. ಅವಳು ಓಡಲ್ಲ, ಓಡೋ ಆಸೆನೂ ಇಲ್ಲ, ಬ್ಯಾಂಡ್‌ಸ್ಟ್ಯಾಂಡ್ ಹತ್ರ ಟವೆಲ್ ಹಾಸಿ ಕೂರ್ತಾಳೆ. ಬೇರೆ ದಿನ ಕಾರು ಆಟೋ ಸಾಲುಗಟ್ಟಿ ನಿಲ್ಲೋ ಅದೇ ಡಾಂಬರ್ ರಸ್ತೆ ಮೇಲೆ ಅವಳ ಮಗಳು ಕೈ ಬಿಟ್ಟು ಮೊದಲ ನಾಲ್ಕು ಹೆಜ್ಜೆ ಇಟ್ಟಿದ್ದು, 2024ರ ಜೂನಲ್ಲಿ. ನಾವಿಬ್ಬರೂ ಅಲ್ಲೇ ಇದ್ವಿ. ಆ ಫೋಟೋ ನನ್ನ ಡೆಸ್ಕ್ ಮೇಲಿದೆ, ಮೆಡಲ್ಲು ಡ್ರಾಯರಲ್ಲಿದೆ.

ಶುಕ್ರವಾರ ಆಫೀಸಿಗೆ ಉಡೋ ಇಳಕಲ್ ಸೀರೆ ಕೊಡಿಸಿದ್ದು ಧಾರವಾಡದವಳೇ. ಮೊದಲ ಸಲ ಮಡಿಕೆ ಬಿಚ್ಚಿ, ಒಡಲಿಗೂ ಸೆರಗಿಗೂ ಮಧ್ಯೆ ಬೆರಳಿಟ್ಟು ತೋರಿಸಿದ್ಲು, "ಇಲ್ಲಿ ನೋಡ, ಇದಕ್ಕ ಕೊಂಡಿ ಅಂತಾರ." ಹಾಸು ಅಂದ್ರೆ ಮಗ್ಗದಲ್ಲಿ ಉದ್ದಕ್ಕೆ ಹಾಕೋ ನೂಲು. ಒಡಲಿನ ಹಾಸು ಹತ್ತಿ, ಸೆರಗಿನ ಹಾಸು ರೇಷ್ಮೆ, ಎರಡು ಬೇರೆ ಬೇರೆ ಹಾಸು. ಎಳೆ ಎಳೆಗೂ ಕುಣಿಕೆ ಹಾಕಿ ಒಂದಕ್ಕೊಂದು ಸೇರಿಸ್ತಾರೆ, ಹಂಗಾಗಿ ಒಂದೊಂದು ಸೀರೆಗೂ ಹಾಸು ಬೇರೆ ಬೇರೆನೇ ತಯಾರು ಮಾಡಬೇಕು, ಒಂದೇ ಸಲ ಹತ್ತು ಸೀರೆಗೆ ಆಗುವಷ್ಟು ಹಾಕೋಕೆ ಆಗಲ್ಲ. ಬಾಗಲಕೋಟೆ ಕಡೆ ಮಗ್ಗದ ಮನೆಗಳಲ್ಲಿ ಕೂತು ಈ ಕೆಲಸ ಮಾಡ್ತಾರೆ. ಹತ್ತಿ ಹೋಗಿ ರೇಷ್ಮೆ ಆಗಲ್ಲ, ರೇಷ್ಮೆ ಹೋಗಿ ಹತ್ತಿ ಆಗಲ್ಲ, ಆದ್ರೆ ಉಟ್ಟಾಗ ಒಂದೇ ಸೀರೆ. ಲೇಟ್ ಕಾಲ್ ಇದ್ದ ದಿನ ಮ್ಯೂಟಲ್ಲಿಟ್ಟು ಆ ಜಾಗ ಬೆರಳಲ್ಲಿ ಸವರ್ತಾ ಕೂರೋದು ನನಗೆ ಅಭ್ಯಾಸ ಆಗ್ಬಿಟ್ಟಿದೆ.

2025ರ ಏಪ್ರಿಲ್ 27ರ 10ಕೆಗೆ ಮೂವರೂ ಹೋಗಿದ್ವಿ. ನಾವಿಬ್ಬರು ಹತ್ತು ಕಿಲೋಮೀಟರು, ಮಂಡ್ಯದವಳು ಮಜ್ಜಾ ರನ್, ಅಂದ್ರೆ ನಡ್ಕೊಂಡೂ ಮುಗಿಸಬಹುದಾದ ಮೋಜಿನ ಚಿಕ್ಕ ಓಟ. ಅದೇ ದಿನ ಅದೇ ಊರಿನ ರಸ್ತೆಯಲ್ಲಿ ಉಗಾಂಡಾದ ಜೋಶುವಾ ಚೆಪ್ಟೆಗೈ ಗೆದ್ದಿದ್ದು, 10,000 ಮೀಟರ್ ವಿಶ್ವದಾಖಲೆ ಇರೋ ಮನುಷ್ಯ. ಹಲಸೂರು ಕೆರೆ ಪಕ್ಕ ಹೋಗೋವಾಗ ಧಾರವಾಡದವಳು ಕೇಳಿದ್ಲು, ಅಂವಾ ಇಷ್ಟೊತ್ತಿಗೆ ಮನಿ ಮುಟ್ಟಿ ನಾಷ್ಟಾನೂ ಮಾಡಿರಬೇಕಲ್ಲ ಅಂತ, ಇಬ್ಬರೂ ಅಷ್ಟು ನಕ್ವಿ ಅಂದ್ರೆ ಒಂದು ಇನ್ನೂರು ಮೀಟರ್ ನಡೀಬೇಕಾಯ್ತು.

ಮೊನ್ನೆ ಅಮ್ಮ ಫೋನ್ ಮಾಡಿದ್ಲು. ನನ್ನ ಬ್ಲೌಸಿಗೆ ತಂದಿದ್ದ ಗುಳೇದಗುಡ್ಡದ ಖಣ ಸ್ವಲ್ಪ ಉಳಿದಿದೆ, ಆ ಮಗುಗೆ ಒಂದು ಫ್ರಾಕ್ ಆಗುತ್ತೆ, ಎರಡೂ ಕಡೆ ಜೇಬಿಟ್ಟು ಹೊಲೀತೀನಿ, ಅಳತೆ ಕಳ್ಸು ಅಂತ. ಭಾನುವಾರ ಪಾರ್ಕಲ್ಲಿ ನೆನಪಾಯ್ತು, ಟೇಪ್ ಎಲ್ಲಿಂದ ತರೋದು. ನನ್ನ ಬಲಗಾಲಿನ ಶೂ ಲೇಸ್ ಬಿಚ್ಚಿದೆ. ಮಂಡ್ಯದವಳು ಮಗುನ ಹಿಡ್ಕೊಂಡ್ಲು, ಅದು ಕಚಗುಳಿ ಅಂತ ಕಿರುಚ್ತಾ ಇತ್ತು, ಧಾರವಾಡದವಳು ಎದೆ ಸುತ್ತಳತೆಗೆ ಒಂದು ಗಂಟು, ಭುಜದಿಂದ ಮೊಣಕಾಲಿಗೆ ಇನ್ನೊಂದು ಗಂಟು ಹಾಕಿಕೊಟ್ಲು. ಲೇಸನ್ನ ಸುತ್ತಿ ಜೇಬಿಗೆ ಹಾಕ್ಕೊಂಡು, ಒಂದು ಶೂ ಸಡಿಲ ಮಾಡ್ಕೊಂಡು, ಸ್ಕೂಟರ್ ನಿಲ್ಲಿಸಿದ್ದ ಕಡೆಗೆ ಮೆಲ್ಲಗೆ ನಡ್ಕೊಂಡು ಹೋದೆ.